ಗೌರಿ ಹುಣ್ಣಿಮೆಗೆ ಒಂದು ಸಕ್ಕರೆ ವಿಮಾನ

ದೀಪಾವಳಿ ಮುಗಿದದ್ದೇ ತಡ, ನಮ್ಮ ಮನೆಯಲ್ಲಿ ಯಾರೂ ಯಾರ ಜೊತೆಗೂ ನೆಟ್ಟಗೆ ಮಾತಾಡುವುದಿಲ್ಲ. ಗೌರಿ ಹುಣ್ಣಿಮೆ ಕಳೆಯುವವರೆಗೆ ಹೀಗೇ. ಪಾಕ ಒಲೆಯ ಮೇಲಿದ್ದಾಗ ದೇವರೇ ಬಂದು ಕರೆದರೂ ನಾನು ಓಗೊಡುವುದಿಲ್ಲ ಎಂದು ನನ್ನ ಗಂಡ ಬಂದವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಾರೆ. ಅದು ಶುದ್ಧ ಸುಳ್ಳು. ದೇವರು ಕರೆದರೆ "ತಡಿಯಪ್ಪಾ" ಅಂತಾದರೂ ಅನ್ನುತ್ತೇನೆ. ಗಂಡ ಕರೆದರೆ ಅದೂ ಇಲ್ಲ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮದು ಸಕ್ಕರೆ ಗೊಂಬೆ ಹೊಯ್ಯುವ ಮನೆ. ಬೇರೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ಕಡೆ ಕಾರ್ತಿಕದ ಗೌರಿ ಹುಣ್ಣಿಮೆಯ ಸಂಜೆ ಹೆಣ್ಣುಮಕ್ಕಳು ತಟ್ಟೆಯಲ್ಲಿ ಸಕ್ಕರೆಯ ಆನೆ, ಕುದುರೆ, ಗಿಳಿ, ತುಳಸಿಕಟ್ಟೆ ಇಟ್ಟು, ನಡುವೆ ದೀಪ ಹಚ್ಚಿ ಗೌರಿಗೆ ಬೆಳಗುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಯಿದ್ದರೆ ಆ ವರ್ಷ ಅವಳ ಸಕ್ಕರೆ ಆರತಿ ಗಂಡಿನ ಮನೆಯಿಂದ ಬರಬೇಕು. ಸೀರೆ, ಬಳೆ, ಹೂವಿನ ದಂಡೆ ಎಲ್ಲ ಅದರ ಹಿಂದೆ. ಆರತಿ ಮುಗಿದ ಮೇಲೆ ಗೊಂಬೆಗಳನ್ನು ಮುರಿದು ಸೇರಿದವರಿಗೆಲ್ಲ ಹಂಚುತ್ತಾರೆ. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಮುರಿಯುವುದೇ ಅದರ ಶಾಸ್ತ್ರ. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ಅದನ್ನು ನೋಡಿದರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಈಗ ಎಲ್ಲರಿಗಿಂತ ಮೊದಲು ಆನೆಯ ಸೊಂಡಿಲು ಮುರಿದು ಬಾಯಿಗೆ ಹಾಕಿಕೊಳ್ಳುವವಳು ನಾನೇ.

ಗೊಂಬೆಯ ಅಚ್ಚು ತೇಗದ್ದು, ಎರಡು ಹೋಳಿನದು. ಅದನ್ನು ನೀರಿನಲ್ಲಿ ನೆನೆಸಿ, ಹೋಳು ಕೂಡಿಸಿ, ದಾರ ಬಿಗಿದು ನಿಲ್ಲಿಸಿ, ಮೇಲಿನ ತೂತಿನಿಂದ ಪಾಕ ಹೊಯ್ಯುತ್ತೇವೆ. ಆರಿದ ಮೇಲೆ ಬಿಚ್ಚಿದರೆ ಒಳಗೆ ಬೆಳ್ಳಗೆ ಗೊಂಬೆ. ತೂತಿನಲ್ಲಿ ಉಳಿದ ಸಕ್ಕರೆ ಮಾತ್ರ ಅದಕ್ಕೆ ಒಂದು ಬಾಲದಂತೆ ಅಂಟಿಕೊಂಡು ಬರುತ್ತದೆ. ಆ ಬಾಲವನ್ನು ಹೆಬ್ಬೆರಳಿನಿಂದ ಚಟ್ ಎಂದು ಮುರಿದು, ಪಕ್ಕದ ಬೋಗುಣಿಗೆ ಎಸೆಯುವುದು ಕೊನೆಯ ಕೆಲಸ. ಬೋಗುಣಿ ತುಂಬಿದಾಗ ಬಾಲಗಳೆಲ್ಲ ಮತ್ತೆ ಪಾಕಕ್ಕೆ ಬೀಳುತ್ತವೆ.

ಈ ಮುರಿಯುವ ಕೆಲಸ ನಮ್ಮತ್ತೆಯದು. ಅವರಿಗೆ ಕಣ್ಣು ಮಂಜು, ಕಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತದೆ, ಆದರೆ ಹೆಬ್ಬೆರಳಿಗೆ ಇನ್ನೂ ವಯಸ್ಸಾಗಿಲ್ಲ. ಎದ್ದು ನಿಂತದ್ದೆಲ್ಲ ಅದಕ್ಕೆ ಬಾಲವೇ. ಬದನೆಕಾಯಿಯ ತೊಟ್ಟು ಆಯಿತು, ಹೊಸ ಬಕೆಟ್ಟಿನ ಅಂಚಿನ ಪ್ಲಾಸ್ಟಿಕ್ಕು ಆಯಿತು, ಒಮ್ಮೆ ನನ್ನ ಗಂಡನ ರೇಡಿಯೋದ ಏರಿಯಲ್ಲೂ ಆಯಿತು.

ಕೆಲವು ವರ್ಷದ ಹಿಂದೆ, ದೀಪಾವಳಿಗೆ ಇನ್ನೂ ಸಾಕಷ್ಟು ದಿನ ಇರುವಾಗಲೇ, ಕಂಪ್ಲಿಯಿಂದ ಅಕ್ಕಿ ಗಿರಣಿಯವರ ಮನೆಯ ಹೆಂಗಸು ಬಂದರು. ಪ್ರತಿವರ್ಷ ನಮ್ಮಲ್ಲೇ ಆರತಿ ಒಯ್ಯುವವರು, ನಮಗೆಲ್ಲ ಕಂಪ್ಲಿ ಅಕ್ಕ. ಮಾತು ಶುರುವಾದರೆ ಗಿರಣಿಯ ಬೆಲ್ಟಿನ ಹಾಗೆ ನಿಲ್ಲುವುದಿಲ್ಲ. ಆ ದಿನ ಮಾತ್ರ ಸುಮ್ಮನೆ ಕೂತು, ಕಂಕುಳಲ್ಲಿದ್ದ ಡಬ್ಬಿ ತೆರೆದು ನನ್ನ ಮುಂದಿಟ್ಟರು. ಒಳಗೆ ಬೂದು ಬಣ್ಣದ, ಪ್ಲಾಸ್ಟಿಕ್ಕಿನ ಒಂದು ಪುಟ್ಟ ಯುದ್ಧವಿಮಾನ.

"ಆನೀ ಕುದುರಿ ಎಲ್ಲಾರೂ ಕಳಸ್ತಾರ. ಈ ವರ್ಷ ನನಗ ಇದು ಬೇಕು. ಸಕ್ಕರ್ಯಾಗ."

"ಗೌರಮ್ಮಗ ವಿಮಾನದ ಆರತಿನಾ ಅಕ್ಕಾರ?" ಎಂದು ನಾನು ನಕ್ಕೆ. ಅವರು ನಗಲಿಲ್ಲ. ನೀರು ಕೇಳಿ ಕುಡಿದು, ನಡೆದದ್ದನ್ನು ಹೇಳಿದರು.

ಮಗನಿಗೆ ಸಂಡೂರಿನ ಹುಡುಗಿ ನಿಶ್ಚಯವಾಗಿದ್ದಳು. ಅವಳು ಬೆಂಗಳೂರಿನಲ್ಲಿ, ಹಡಗಿನ ಮೇಲಿಂದ ಹಾರಿ ಹಡಗಿನ ಮೇಲೇ ಇಳಿಯುವ ಯುದ್ಧವಿಮಾನವನ್ನು ರೂಪಿಸುವವರ ತಂಡದಲ್ಲಿ ಕೆಲಸ ಮಾಡುವವಳು. ಮೊದಲು ಒಂದು ಎಂಜಿನ್ನಿನದನ್ನು ಮಾಡಿ, ಅದು ಸಮುದ್ರದ ನಡುವೆ ಹಡಗಿನ ಮೇಲೆ ಇಳಿದೂ ಆಗಿತ್ತು. ಈಗಿನದು ಅದರ ದೊಡ್ಡ ತಂಗಿ, ಎರಡು ಎಂಜಿನ್ನಿನದು. ಇನ್ನೂ ಹುಟ್ಟಿಲ್ಲ, ಕಂಪ್ಯೂಟರಿನಲ್ಲಿದೆ. ಹುಟ್ಟದ ಆ ವಿಮಾನದ ಪುಟ್ಟ ಮಾದರಿಯನ್ನು ಹುಡುಗಿ ನಿಶ್ಚಿತಾರ್ಥದ ದಿನ ವರನಿಗೆ ಕಾಣಿಕೆ ಕೊಟ್ಟಿದ್ದಳು. ಸೇರಿದ ಹೆಂಗಸರಿಗೆಲ್ಲ ಅದನ್ನು ಎತ್ತಿ ತೋರಿಸಿ, ಹಡಗಿನ ಮೇಲೆ ಜಾಗ ಕಡಿಮೆ ಎಂದು ರೆಕ್ಕೆ ಹೇಗೆ ಮಡಚುತ್ತದೆ, ಬಾಲದ ಕೆಳಗೆ ಕೊಕ್ಕೆ ಯಾಕಿದೆ ಎಂದು ವಿವರಿಸಿದ್ದಳಂತೆ.

"ಆ ಹುಡುಗಿ ಕೊಕ್ಕಿ ಹಿಡದು ತೋರಿಸ್ಲಿಕತ್ತಿತ್ತು," ಕಂಪ್ಲಿ ಅಕ್ಕ ಹೇಳಿದರು. "ಹಡಗದ ಮ್ಯಾಲ ಉಕ್ಕಿನ ಹಗ್ಗ ಕಟ್ಟಿರ್ತಾರಂತ. ಇಳಿಯೂ ಮುಂದ ಈ ಕೊಕ್ಕಿ ಹಗ್ಗಕ್ಕ ಸಿಗಬೇಕಂತ. 'ಅತ್ತೀ, ಇದು ಇದ್ರ ಮನಿಗೆ ವಾಪಸ್ ಬಂದಂಗ, ಇಲ್ಲಂದ್ರ ಸಮುದ್ರದ ಪಾಲು' ಅಂದ್ಲು. ನಾನು ಏನಂದೆ ಗೊತ್ತೇನು? 'ಅದೆಲ್ಲಾ ಇರ್ಲಿ ತಗೀ, ಮದಿವ್ಯಾದ ಮ್ಯಾಲ ಬಿಡ್ತೀ ಅಲ್ಲ ಈ ಕೆಲ್ಸ?' ಅಂದೆ."

"ಅಯ್ಯ ಅಕ್ಕಾರ!"

"ಬಾಯಿಗೆ ಬಂದಬಿಡ್ತು. ನಮ್ಮತ್ತಿ ನನಗ ಕಾಲೇಜ್ ಬಿಡ್ತೀ ಅಲ್ಲ ಅಂತ ಕೇಳಿದ್ಲು, ಅದಾ ಮಾತು, ಅದಾ ರಾಗ. ಆ ಹುಡುಗಿ ನಕ್ಕೋತ ವಿಮಾನ ಡಬ್ಬ್ಯಾಗ ಇಟ್ಟ್ಲು. ಅವತ್ತಿಂದ ಫೋನ್ ಹಚ್ಚಿದ್ರ 'ಆರಾಮದೀರಿ? ಊಟ ಆತ್ರಿ?' ಅಷ್ಟ. ಮುಂದ ಒಂದು ಮಾತಿಲ್ಲ."

ಹಾಗಾದರೆ ತಪ್ಪಾಯಿತು, ಕೆಲಸ ಬಿಡಬೇಡ ಎಂದು ಬಾಯಿಬಿಟ್ಟು ಹೇಳಿದರೆ ಮುಗಿಯಿತಲ್ಲ ಎಂದೆ. ನನಗೆ ಸುತ್ತಿ ಬಳಸಿ ಮಾತಾಡುವವರನ್ನು ಕಂಡರೆ ಆಗುವುದಿಲ್ಲ. ಕಂಪ್ಲಿ ಅಕ್ಕ ಸೆರಗಿನ ತುದಿ ತಿರುವುತ್ತ, "ಅತ್ತಿ ಆಗಾಕ್ಕಿ ಹೆಂಗ ಹೇಳ್ಲಿ? ನಾಲಿಗಿ ಬರವಲ್ದು. ಸಕ್ಕರೀನ ಹೇಳ್ಲಿ ಅಂತ ಬಂದೀನಿ" ಎಂದರು. ಗಂಡನ ಜೊತೆ ಜಗಳವಾಡಿದ ಮರುದಿನ ತಪ್ಪಾಯಿತು ಅನ್ನುವ ಬದಲು ಮಿರ್ಚಿ ಕರಿದು ತಟ್ಟೆ ತುಂಬ ಮುಂದಿಡುವವಳು ನಾನು. ಈ ಭಾಷೆ ನನಗೆ ಬರುತ್ತದೆ. ಆಯಿತು, ಮಾಡಿಕೊಡುತ್ತೇನೆ ಎಂದು ಡಬ್ಬಿ ಇಟ್ಟುಕೊಂಡೆ.

ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಸಂತೆಗೆ ಒಂದಿಷ್ಟು ಗಿಳಿ ಹೊಯ್ದು ಮಾರುವುದಿತ್ತು. ಅತ್ತೆ ಪಡಸಾಲೆಯಲ್ಲಿ ಎಂದಿನಂತೆ ಬಾಲ ಮುರಿಯುತ್ತ ಕೂತಿದ್ದರು. ಗಿಳಿಗಳ ಪಕ್ಕದಲ್ಲೇ ವಿಮಾನ ಇಟ್ಟಿದ್ದವರು ಯಾರು ಎಂಬ ಬಗ್ಗೆ ನನಗೂ ನನ್ನ ಗಂಡನಿಗೂ ಇವತ್ತಿನವರೆಗೆ ಒಮ್ಮತವಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬೋಗುಣಿ ತುಂಬಿತು. ನಾನು ಬಾಲಗಳನ್ನು ಪಾಕಕ್ಕೆ ಸುರಿದೆ. ಸುರಿದು ತಿರುವುತ್ತಿದ್ದರೆ ಟೈರು ಸುಟ್ಟ ವಾಸನೆ!

"ಏನ್ ಸುಟ್ಟೈತಿ?" ಎಂದು ಗಂಡ ಓಡಿ ಬಂದರು. ಪಾಕದ ಮೇಲೆ ಬೂದು ಬಣ್ಣದ ಒಂದು ಕೆನೆ ತೇಲುತ್ತಿತ್ತು. ಪಡಸಾಲೆಯಲ್ಲಿ ಅತ್ತೆ ವಿಮಾನವನ್ನು ಸೆರಗಿನಿಂದ ಒರೆಸಿ, ಗಿಳಿಗಳ ಸಾಲಿನಲ್ಲಿ ನೀಟಾಗಿ ನಿಲ್ಲಿಸಿದ್ದರು. ಅದರ ಬಾಲದ ಕೆಳಗೆ ನುಣ್ಣಗಾಗಿತ್ತು.

"ಇದೊಂದು ಯಾಕೋ ಗಟ್ಟಿ ಇತ್ತಲೇ," ಅಂದರು ಅತ್ತೆ, ಹೆಬ್ಬೆರಳು ಉಜ್ಜಿಕೊಳ್ಳುತ್ತ.

ಕೊಕ್ಕೆ ಹೋಗಿತ್ತು. ಬೇರೆ ಏನು ಮುರಿದಿದ್ದರೂ ನಡೆಯುತ್ತಿತ್ತು. ಹುಡುಗಿ ಬೆರಳಲ್ಲಿ ಹಿಡಿದು ತೋರಿಸುವಾಗ ಮಾತು ಕಡಿದುಹೋದದ್ದು ಅದೇ ಕೊಕ್ಕೆಯ ಮೇಲೆ. ಕೊಕ್ಕೆಯಿಲ್ಲದ ವಿಮಾನ ಕಳಿಸಿದರೆ, ನಿನ್ನ ಹಡಗಿನ ಸಹವಾಸ ಮುಗಿಯಿತು ಎಂದು ಅತ್ತೆಮನೆಯವರು ಬರೆದು ಕಳಿಸಿದಂತೆ. ನಾನು ಸೌಟು ಎಸೆದೆ. ಗೋಡೆಗೆ ಬಡಿದ ಗುರುತು ಈಗಲೂ ಇದೆ. ಫೋನ್ ಮಾಡಿ ಕಂಪ್ಲಿ ಅಕ್ಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಗಿರಣಿಯ ಸದ್ದಿನ ನಡುವೆ, "ಕೊಕ್ಕಿನಾ? ಅದಾ ಬೇಕಿತ್ತಾ ನಿಮ್ಮತ್ತಿಗೆ?" ಎಂದರು.

ಅತ್ತೆಗೆ ಸಂಗತಿ ತಿಳಿಸಿ ಹೇಳಿದ ಮೇಲೆ ಅವರು ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡು ಕೂತುಬಿಟ್ಟರು. ಗಿಳಿಯ ಬಾಲ ಮುರಿಯಿರಿ ಎಂದರೂ ಮುರಿಯಲಿಲ್ಲ.

ನಮ್ಮ ಅಚ್ಚು ಕೆತ್ತುವವನು ಹಂಪಿಯಲ್ಲಿದ್ದಾನೆ. ಸೀಸನ್ನಿನಲ್ಲಿ ಪ್ರವಾಸಿಗರಿಗೆ ಮರದ ಆನೆ ಮಾರುತ್ತಾನೆ, ಉಳಿದ ಕಾಲದಲ್ಲಿ ನನ್ನ ತಾಳ್ಮೆ ಪರೀಕ್ಷಿಸುತ್ತಾನೆ. ಏನು ಕೇಳಿದರೂ ಮೊದಲು "ಆಗೂದಿಲ್ರಿ" ಅನ್ನುವುದು ಅವನ ಪದ್ಧತಿ. ವಿಮಾನ ನೋಡಿಯೂ ಹಾಗೇ ಅಂದ. ಆಮೇಲೆ ಅದನ್ನು ಮೇಲೆ ಕೆಳಗೆ ತಿರುಗಿಸಿ, ಗಂಟೆಗಟ್ಟಲೆ ಕೆಳಗಿಡಲೇ ಇಲ್ಲ. ಮೊದಲು ಮಾದರಿಯ ಗಾಯ ವಾಸಿ ಮಾಡಿದ: ತೇಗದ ಚೂರಿನಲ್ಲಿ ಒಂದು ಪುಟ್ಟ ಕೊಕ್ಕೆ ಕೆತ್ತಿ ಅಂಟಿಸಿದ. ಬೂದು ವಿಮಾನಕ್ಕೆ ಕಂದು ಕೊಕ್ಕೆ. ಬಣ್ಣ ಹಚ್ಚು ಎಂದರೆ, "ತ್ಯಾಗದ ಕಟಗೀಗೆ ಬಣ್ಣ ಹಚ್ಚೂದು ಪಾಪ ರೀ" ಎಂದ.

ಮೊದಲನೆಯ ಅಚ್ಚು ರೆಕ್ಕೆ ಬಿಚ್ಚಿದ ವಿಮಾನದ್ದು. ನೋಡಲಿಕ್ಕೆ ಮಸ್ತ್ ಇತ್ತು. ಪಾಕ ಹೊಯ್ದು ಬಿಚ್ಚಿದರೆ ರೆಕ್ಕೆ ಎರಡೂ ಅಚ್ಚಿನಲ್ಲೇ ಉಳಿದು, ಮೈ ಮಾತ್ರ ಮೂಲಂಗಿಯ ಹಾಗೆ ಕೈಗೆ ಬಂತು. ಪಾಕ ಇನ್ನಷ್ಟು ಗಟ್ಟಿ ಮಾಡಿ ನೋಡಿದೆ, ನಿಂಬೆರಸ ಹಿಂಡಿ ನೋಡಿದೆ, ಅಚ್ಚನ್ನು ಹೆಚ್ಚು ಹೊತ್ತು ನೆನೆಸಿ ನೋಡಿದೆ. ಪ್ರತಿ ಸಲವೂ ಮೂಲಂಗಿ. ರೆಕ್ಕೆ ದಪ್ಪ ಮಾಡು ಎಂದು ಹಂಪಿಗೆ ವಾಪಸ್ ಕಳಿಸಿದೆ. ದಪ್ಪ ಮಾಡಿದ. ಈ ಸಲ ರೆಕ್ಕೆ ಉಳಿಯಿತು, ಆದರೆ ವಿಮಾನ ಉಳಿಯಲಿಲ್ಲ. ನನ್ನ ಗಂಡ ಅದನ್ನು ತಟ್ಟೆಯಲ್ಲಿಟ್ಟು ಸುತ್ತ ತಿರುಗಿ, "ಬಾತುಕೋಳಿ ಭಾಳ ಚಂದ ಬಂದೈತಿ" ಎಂದರು. ಅದರ ಭಾರಕ್ಕೆ ಅದೇ ಮೂತಿ ಮುಂದಾಗಿ ಬಿದ್ದು ಒಡೆಯಿತು. ದೀಪಾವಳಿ ಆಗಲೇ ಬಾಗಿಲಿಗೆ ಬಂದಿತ್ತು. ಕಂಪ್ಲಿ ಅಕ್ಕ ದಿನಾ ಫೋನ್ ಮಾಡಿ "ಏನಾತ್ರಿ?" ಅನ್ನುವರು, ನಾನು "ಆಗ್ತೈತ್ರಿ" ಅಂದು ಇಟ್ಟುಬಿಡುವೆ. ಹುಡುಗಿ ಹಬ್ಬಕ್ಕೆ ರಜೆ ಹಾಕಿ ಸಂಡೂರಿಗೆ ಬರುವುದು ನಿಶ್ಚಯವಾಗಿತ್ತು. ಮದುವೆಗೆ ಮುಂಚೆ ಮುಖ ನೋಡಿ ಮಾತಾಡುವ ಅವಕಾಶ ಅದೊಂದೇ.

ಬಾತುಕೋಳಿಯ ಚೂರುಗಳನ್ನು ಗುಡಿಸುತ್ತ ನಾನು ಅಚ್ಚಿನವನಿಗೂ ಅವನ ಉಳಿಗೂ ಬೈಯುತ್ತಿದ್ದೆ. ಆಗ ಅತ್ತೆ ಬಾಯಿ ತೆರೆದರು. ಮಡಿಲಿಂದ ಕೈ ತೆಗೆಯದೆ ಕೇಳಿದರು:

"ಅಲ್ಲಲೇ, ನಮ್ಮ ಗಿಳಿ ಎಂದಾರ ರೆಕ್ಕಿ ಬಿಚ್ಚೈತೇನು?"

ನಾನು ಪೊರಕೆ ಹಿಡಿದವಳು ಹಿಡಿದ ಹಾಗೇ ನಿಂತೆ.

"ಸಕ್ಕರ್ಯಾಗ ಹಾರೂ ಹಕ್ಕಿ ಯಾರ್ ಮಾಡ್ಯಾರ? ನಮ್ಮವ್ವನ ಕಾಲದಿಂದ ನೋಡೀನಿ, ಕುಂತ ಗಿಳಿ, ಕುಂತ ನವಿಲು. ಇದನ್ನೂ ಕುಂದರಸ್ರಿ. ರೆಕ್ಕಿ ಮಡಚ್ತಾವ ಅಂತ ಆಕಿ ಅಂದ್ಲಲ್ಲ, ಕಂಪ್ಲ್ಯಾಕಿ."

ಮಾದರಿ ತಂದು ರೆಕ್ಕೆಯ ತುದಿ ಹಿಡಿದು ಎತ್ತಿದೆ. ಟಿಕ್ ಎಂದು ಮೇಲೆ ಮಡಚಿತು. ಇನ್ನೊಂದೂ ಟಿಕ್. ಪಟ್ಟೆಂದು ಅದು ಅರ್ಧ ಅಗಲಕ್ಕೆ ಇಳಿದು, ಮೈ ಮುದುರಿ ಕೂತ ಹಕ್ಕಿಯಾಯಿತು. ಇಷ್ಟು ದಿನ ಅದು ನಮ್ಮ ಕಣ್ಣೆದುರಿಗೇ ಇತ್ತು. ನನಗೆ ಅತ್ತೆಯನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ತಬ್ಬಿಕೊಂಡೂಬಿಟ್ಟೆ. ಅವರು "ಏ, ಅಂಟು ಅಂಟು ಕೈ, ದೂರ ಸರಿ" ಎಂದು ಬೈದರು. ಹಂಪಿಯವನಿಗೆ ತೋರಿಸಿದರೆ ಮೊಟ್ಟಮೊದಲ ಬಾರಿಗೆ "ಆಗ್ತೈತ್ರಿ" ಎಂದ.

ಮೂರನೆಯ ಅಚ್ಚು ಬಂತು. ಅದರಲ್ಲೂ ಒಂದು ಐಬು. ವರ್ಷಾನುಗಟ್ಟಲೆ ಗಿಳಿಯ ಕೊಕ್ಕು ಕೆತ್ತಿದ ಕೈ ಅವನದು. ರೆಕ್ಕೆ ಮಡಚಿದ್ದನ್ನು ಕಂಡದ್ದೇ ಕೈ ಹಳೆಯ ದಾರಿ ಹಿಡಿದು, ವಿಮಾನದ ಮೂತಿಯನ್ನು ಸ್ವಲ್ಪ ಕೆಳಗೆ ಬಾಗಿಸಿಬಿಟ್ಟಿತ್ತು. ಮಾದರಿಯಲ್ಲಿ ಇದ್ದದ್ದಕ್ಕಿಂತ ಹೆಚ್ಚೇ ಬಾಗಿತ್ತು. ನಾನು ಫೋನಿನಲ್ಲಿ ಅವನ ಜನ್ಮ ಜಾಲಾಡಿದೆ. ಆದರೆ ಮತ್ತೆ ಕೆತ್ತಿಸಲು ದಿನ ಉಳಿದಿರಲಿಲ್ಲ. ಇದ್ದದ್ದರಲ್ಲೇ ಹೊಯ್ಯುವುದು ಎಂದು ತೀರ್ಮಾನಿಸಿದೆವು.

ಉಳಿದದ್ದು ಕೊಕ್ಕೆ. ಅಷ್ಟು ತೆಳುವಾದದ್ದನ್ನು ಅಚ್ಚಿನಲ್ಲಿ ಕೆತ್ತಲು ಆಗದು ಎಂದು ಅವನು ಬಿಟ್ಟೇ ಬಿಟ್ಟಿದ್ದ. ಲವಂಗ ಚುಚ್ಚೋಣ ಎಂದುಕೊಂಡೆ. ನೋಡಲೆಂದು ಹಂಪಿಯಿಂದ ಅಚ್ಚಿನವನೂ ಬಂದಿದ್ದ. ಮೊದಲ ಹೊಯ್ತಕ್ಕೆ ಅಚ್ಚನ್ನು ಮೂತಿ ಕೆಳಗಾಗಿ ನಿಲ್ಲಿಸಿ, ಬಾಲದ ಕಡೆಯ ತೂತಿನಿಂದ ಪಾಕ ಹೊಯ್ದೆ. ಹೊತ್ತು ನೋಡಿ ದಾರ ಬಿಚ್ಚಿ, ಹೋಳು ಸರಿಸಿದೆ. ಇಡೀ ವಿಮಾನ ಒಂದು ಸೀಳೂ ಇಲ್ಲದೆ ಹಾಲಿನ ಬಣ್ಣದಲ್ಲಿ ಕೂತಿತ್ತು. ಬಾಲದ ಕೆಳಗೆ, ಕೊಕ್ಕೆ ಎಲ್ಲಿರಬೇಕೋ ಅಲ್ಲೇ, ತೂತಿನಲ್ಲಿ ಉಳಿದ ಸಕ್ಕರೆಯ ಎಳೆ ಜೋತುಬಿದ್ದಿತ್ತು. ಈ ಮನೆಯಲ್ಲಿ ಮೊದಲಿನಿಂದ ಮುರಿದು ಬೋಗುಣಿಗೆ ಎಸೆಯುವ ಅದೇ ಬಾಲ.

ಗಂಡ, ನಾನು, ಅಚ್ಚಿನವನು ಮೂವರೂ ಅದನ್ನೇ ನೋಡುತ್ತ ನಿಂತೆವು. ಅಷ್ಟರಲ್ಲಿ ಎಡಗಡೆಯಿಂದ ಒಂದು ಹೆಬ್ಬೆರಳು ಮೆಲ್ಲಗೆ ಮೇಲೆದ್ದು ಬಂತು.

"ಅತ್ತೀ!" ಎಂದು ನಾನು ಕಿರುಚಿದೆ. "ಯವ್ವಾ!" ಎಂದು ಗಂಡ. "ಯಮ್ಮಾರ ಬ್ಯಾಡ್ರೀ!" ಎಂದು ಅಚ್ಚಿನವನು.

"ಹೆದರಬ್ಯಾಡ್ರಲೇ," ಎಂದು ಅತ್ತೆ ನಕ್ಕರು. ಹೆಬ್ಬೆರಳನ್ನು ನೀರಿನಲ್ಲಿ ಅದ್ದಿ, ಇನ್ನೂ ಬೆಚ್ಚಗಿದ್ದ ಆ ಎಳೆಯನ್ನು ತಳದಿಂದ ತುದಿಗೆ ಸವರಿ, ತುದಿಯನ್ನು ಮೃದುವಾಗಿ ಮೇಲಕ್ಕೆ ಬಾಗಿಸಿದರು. ಮುರಿಯುವುದು ಹೇಗೆಂದು ಅಷ್ಟು ಬಲ್ಲ ಬೆರಳಿಗೆ ಮುರಿಯದಿರುವುದೂ ಗೊತ್ತಿತ್ತು. ಸಕ್ಕರೆ ಕೊಕ್ಕೆ ತಯಾರಾಯಿತು. ನನಗೆ ಕಣ್ಣಲ್ಲಿ ನೀರು ಬಂತು, ಹೊಗೆ ಅಂತ ಹೇಳಿದೆ.

ಹುಣ್ಣಿಮೆಯ ದಿನ ಮಧ್ಯಾಹ್ನ ಕಂಪ್ಲಿ ಅಕ್ಕನ ಕಾರು ನಮ್ಮ ಮನೆ ಮುಂದೆ ಬಂತು. ನಾನೂ ಹೊರಟೆ. ಇಷ್ಟೆಲ್ಲ ಮಾಡಿ ಅದನ್ನು ಡ್ರೈವರನ ಕೈಗೆ ಕೊಟ್ಟು ಮನೆಯಲ್ಲಿ ಕೂರುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಬುಟ್ಟಿಗೆ ಮಂಡಕ್ಕಿ ತುಂಬಿ, ಅದರ ನಡುವೆ ವಿಮಾನ ಕೂರಿಸಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡೆ. ದುರಸ್ತಿಯಾದ ಮಾದರಿಯ ಡಬ್ಬಿ ಕಂಪ್ಲಿ ಅಕ್ಕನ ಕೈಯಲ್ಲಿತ್ತು.

ಸಂಡೂರಿನ ರಸ್ತೆ ಗೊತ್ತಿದ್ದವರಿಗೆ ಗೊತ್ತು. ಮುಂದೆ ಅದಿರಿನ ಲಾರಿ, ಹಿಂದೆ ಅದಿರಿನ ಲಾರಿ, ನಡುವೆ ಕೆಂಪು ಧೂಳಿನಲ್ಲಿ ನಾವು. ಆದರೆ ಮಳೆಗಾಲ ಮುಗಿದು ಗುಡ್ಡಗಳೆಲ್ಲ ಹಸಿರುಗಟ್ಟಿದ್ದವು. ಪ್ರತಿ ರಸ್ತೆಯುಬ್ಬು ಬಂದಾಗ ನಾನು ಬುಟ್ಟಿಯನ್ನು ಎತ್ತಿ ಹಿಡಿದು ಡ್ರೈವರನಿಗೆ ಒಂದೊಂದು ಬೈಗುಳ ದಾನ ಮಾಡುತ್ತಿದ್ದೆ. ಪಕ್ಕದಲ್ಲಿ ಕಂಪ್ಲಿ ಅಕ್ಕ ದಾರಿಯುದ್ದಕ್ಕೂ ಮಾತು ಕಲಿಯುತ್ತಿದ್ದರು. "'ನೋಡವಾ, ನೀ ಬ್ಯಾಸರ ಮಾಡ್ಕೋಬ್ಯಾಡ' ಅಂತ ಶುರು ಮಾಡ್ಲೇನು? ಇಲ್ಲ, ಮೊದಲ ಸೀರಿ ಕೊಟ್ಟು ಆಮ್ಯಾಲೆ ಅನ್ಲೇನು? ಇಲ್ಲಾ, ಅವರ ಅಮ್ಮನ ಮುಂದ ಬ್ಯಾಡೇನು?" ಆರತಿ ಒಪ್ಪಿದರೂ ಹುಡುಗಿ ಮತ್ತೆ 'ಊಟ ಆತ್ರಿ?' ಅಂದು ಒಳಗೆ ಹೋಗಿಬಿಟ್ಟರೆ ಎಂಬುದೊಂದೇ ಅವರ ಭಯ. ನಾನೂ ಮನಸ್ಸಿನಲ್ಲಿ ಗೌರಮ್ಮನಿಗೆ ಹೇಳಿಕೊಂಡೆ, ಈ ಹೆಂಗಸಿನ ಮರ್ಯಾದೆ ಉಳಿಸವ್ವಾ ಎಂದು.

ಸಂಡೂರಿನ ಮನೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಹುಡುಗಿ ಹೊಸ ಸೀರೆ ಉಟ್ಟು ಬಂದು ನಮಸ್ಕರಿಸಿದಳು. ಕಣ್ಣು ಚುರುಕು, ಮಾತು ಮಿತ. "ಆರಾಮದೀರಿ ಅತ್ತಿ?" ಅಂದಳು. ಕಂಪ್ಲಿ ಅಕ್ಕ ಕಲಿತು ತಂದದ್ದೆಲ್ಲ ಮರೆತು ಬರೀ ತಲೆಯಾಡಿಸಿದರು. ನಾನೇ ಬುಟ್ಟಿಯ ಬಟ್ಟೆ ಸರಿಸಿ, ಮಂಡಕ್ಕಿ ಕೊಡವಿ, ವಿಮಾನವನ್ನು ತಟ್ಟೆಯಲ್ಲಿಟ್ಟೆ.

"ಗಿಳಿ ಏನಬೇ?" ಎಂದಳು ಒಬ್ಬ ಮುದುಕಿ.

ಹುಡುಗಿ ನೆಲಕ್ಕೆ ಮೊಣಕಾಲೂರಿ, ತಟ್ಟೆಯನ್ನು ಕಣ್ಣಿನ ಎತ್ತರಕ್ಕೆ ತಂದು ನೋಡಿದಳು. ಮೊದಲು ಅವಳ ಕಣ್ಣು ಹೋದದ್ದು ಆ ಬಾಗಿದ ಮೂತಿಗೆ. ಸತ್ತೆ ಎಂದುಕೊಂಡೆ.

"ಮೂತಿ ಬಾಗಿಸೀರಿ!" ಎಂದು ಅವಳು ಕೂಗಿದಳು. "ಇದು ಯಾರಿಗೆ ಗೊತ್ತಿತ್ರೀ? ಹಡಗಕ್ಕ ಇಳಿಯೂ ಮುಂದ ವಿಮಾನ ಮೂತಿ ಎತ್ತಿಕೊಂಡು ಬರ್ತೈತಿ. ಮೂತಿ ನೆಟ್ಟಗ ಇದ್ರ ಪೈಲಟ್ಟಿಗೆ ಹಡಗಾ ಕಾಣೂದಿಲ್ಲ. ಅದಕ್ಕಂತ ನಮ್ಮ ಹಿಂದಿನ ವಿಮಾನಕ್ಕೂ ಮೂತಿ ಬಾಗಸಿದ್ರು."

ಗಿಳಿಯ ಕೊಕ್ಕಿನ ವಿಷಯ ನಾನು ಬಾಯಿಬಿಡಲಿಲ್ಲ. ಹಂಪಿಯವನಿಗೂ ಇವತ್ತಿನವರೆಗೆ ಹೇಳಿಲ್ಲ, ಹೇಳಿದರೆ ಹಿಡಿಯುವವರು ಯಾರು? ಆದರೆ ಮೂಲಂಗಿ, ಬಾತುಕೋಳಿಗಳ ಕಥೆಯನ್ನು ಸೌಟು ಎಸೆದದ್ದೂ ಸೇರಿಸಿ ಹೇಳಿದೆ. ಹುಡುಗಿ ಕೈ ತಟ್ಟಿ ನಕ್ಕಳು. ಅವರದ್ದೂ ಹೀಗೇ ಅಂತೆ. ಹಡಗಿನ ಮೇಲೆ ಧೊಪ್ಪನೆ ಇಳಿಯುತ್ತದೆಂದು ಗಾಲಿಯ ಕಾಲು ಗಟ್ಟಿ ಮಾಡಿದರೆ ಭಾರವಾಯಿತು, ಭಾರವಾದರೆ ಎಂಜಿನ್ನು ಸಾಲದಾಯಿತು, ಅದಕ್ಕೇ ಈಗ ಎರಡು ಎಂಜಿನ್ನು. "ನಮ್ಮಲ್ಲೂ ಸೌಟು ಒಗಿಯೋರು ಅದಾರ್ರಿ," ಎಂದಳು ನನ್ನ ಕಡೆ ನೋಡಿ. ಈ ಹುಡುಗಿ ನನಗೆ ಆ ಕ್ಷಣಕ್ಕೇ ಇಷ್ಟವಾದಳು.

ಆಮೇಲೆ ತಟ್ಟೆ ತಿರುಗಿಸಿದಳು. ಬಾಲದ ಕಡೆ ಬಂದು ಅವಳ ಕೈ ನಿಂತಿತು.

"ಕೊಕ್ಕಿ ಹಾಕೀರಿ," ಎಂದಳು, ಮೆಲ್ಲಗೆ.

ಅವಳು ಒಮ್ಮೆ ರೆಕ್ಕೆ, ಒಮ್ಮೆ ಕೊಕ್ಕೆ ನೋಡಿ ಮುಗುಳ್ನಕ್ಕಳು. "ಹಿಂಗ ಎರಡೂ ಕೂಡಿ ಇರೂದಿಲ್ರಿ. ಕೊಕ್ಕಿ ಎತ್ತಿಕೊಂಡ ಮ್ಯಾಲೆ ರೆಕ್ಕಿ ಮಡಚ್ತಾರ. ಇದು ಈಗಷ್ಟ ಬಂದು ಇಳದೈತಿ, ಕೊಕ್ಕಿ ಎತ್ತಾಕೂ ಪುರಸೊತ್ತಾಗಿಲ್ಲ."

"ಹೌದು," ಎಂದರು ಕಂಪ್ಲಿ ಅಕ್ಕ. ಆವರೆಗೆ ಕಂಬಕ್ಕೆ ಒರಗಿ ನಿಂತಿದ್ದವರು ಮುಂದೆ ಬಂದರು. "ನೀನೂ ಹಂಗಾ ಹೋಗಿ ಬಾರವಾ. ದಿನಾ ಹೋಗಿ ಬಾ. ಕೆಲ್ಸ ಬಿಡಬ್ಯಾಡ. ಅವತ್ತು ನಾನು ಅಂದಿದ್ದು ನನ್ನ ಮಾತಲ್ಲ, ನಮ್ಮತ್ತೀ ಮಾತು."

ಹುಡುಗಿ ಎದ್ದು ಅವರ ಎರಡೂ ಕೈ ಹಿಡಿದುಕೊಂಡಳು. ಮುದುಕಿಯರು ಏನು ನಡೆಯಿತೆಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ನಾನು ಮೂಗು ಒರೆಸಿಕೊಂಡೆ. ಅಲ್ಲಿ ಹೊಗೆಯೂ ಇರಲಿಲ್ಲ.

ಸಂಜೆ ಗೌರಿಗೆ ಆರತಿಯಾಯಿತು. ಆನೆ, ಕುದುರೆ, ಗಿಳಿಗಳ ನಡುವೆ ಹುಟ್ಟದ ವಿಮಾನವೂ ದೀಪದ ಬೆಳಕಿನಲ್ಲಿ ಮಿನುಗುತ್ತಿತ್ತು. ಹಾಡು ಮುಗಿದು ಮುರಿಯುವ ಹೊತ್ತು ಬಂತು. ಎಲ್ಲರೂ ಅಯ್ಯೋ, ಇದನ್ನು ಮುರಿಯಬೇಡ, ಗಾಜಿನ ಪೆಟ್ಟಿಗೆಯಲ್ಲಿಡು ಎಂದರು. ಹುಡುಗಿ ಕೇಳಲಿಲ್ಲ. ವಿಮಾನವನ್ನು ಎಡಗೈಯಲ್ಲಿ ಎತ್ತಿ, ಬಲಗೈ ಹೆಬ್ಬೆರಳಿನಿಂದ ಬಾಲದ ಕೊಕ್ಕೆಯನ್ನು ಚಟ್ ಎಂದು ಮುರಿದಳು. ನಮ್ಮತ್ತೆ ಮುರಿದ ಹಾಗೆಯೇ. ಅದನ್ನು ಕಂಪ್ಲಿ ಅಕ್ಕನ ಬಾಯಿಗಿಟ್ಟಳು.

"ಇದು ನಿಮಗ," ಎಂದಳು.

ಆಮೇಲೆ ರೆಕ್ಕೆಗಳು ಮಕ್ಕಳ ಪಾಲಾದವು, ಮೂತಿ ನನ್ನ ಪಾಲಿಗೆ ಬಂತು. ಮಾದರಿಯ ಡಬ್ಬಿ ತೆರೆದು ಕಂದು ಕೊಕ್ಕೆ ಕಂಡಾಗ ಹುಡುಗಿ ಹುಬ್ಬೇರಿಸಿದಳು. ಅತ್ತೆಯ ಹೆಬ್ಬೆರಳಿನ ಕಥೆಯನ್ನೂ ಟೈರಿನ ವಾಸನೆಯನ್ನೂ ಹೇಳಿದೆ. ನಕ್ಕು ನಕ್ಕು ಗೋಡೆಗೆ ಒರಗಿದಳು. ಬೇರೆ ಕೊಕ್ಕೆ ಹಚ್ಚಿಕೊಡಲಾ ಎಂದರೆ, "ಬ್ಯಾಡ್ರಿ, ತ್ಯಾಗದ್ದಾ ಇರ್ಲಿ. ಆಫೀಸಿನ್ಯಾಗ ತೋರಸ್ತೀನಿ" ಎಂದು ವರನಿಗೆ ಕೊಟ್ಟ ಕಾಣಿಕೆಯನ್ನೇ ಸಾಲ ಪಡೆದವಳಂತೆ ಡಬ್ಬಿಯನ್ನು ತಾನೇ ಇಟ್ಟುಕೊಂಡಳು.

ವಾಪಸ್ ಬರುವಾಗ ಕಂಪ್ಲಿ ಅಕ್ಕ ಒಂದು ಮಾತೂ ಆಡಲಿಲ್ಲ. ಹೋಗುವಾಗ ಗಿರಣಿ ಬಿಟ್ಟಂತೆ ಮಾತಾಡಿದವರು ಯಾಕೆ ಹೀಗೆ ಎಂದು ನೋಡಿದರೆ, ಒಂದು ಕೆನ್ನೆ ಉಬ್ಬಿತ್ತು. ಕೊಕ್ಕೆಯನ್ನು ಕಚ್ಚದೆ, ಕರಗಿದಷ್ಟು ಕರಗಲಿ ಎಂದು ಒತ್ತಟ್ಟಿಗೆ ಇಟ್ಟುಕೊಂಡಿದ್ದರು. ನಾನೂ ಡ್ರೈವರನಿಗೆ ಬೈಯದೆ ಸುಮ್ಮನೆ ಕೂತು, ಗುಡ್ಡದ ಮೇಲೆ ಏರುತ್ತಿದ್ದ ಚಂದ್ರನನ್ನು ನೋಡಿದೆ.

ನಮ್ಮ ಮನೆ ಮುಂದೆ ಕಾರು ನಿಂತಾಗ ಅತ್ತೆ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದರು. ಆರತಿ ಹೇಗಾಯಿತು, ಹುಡುಗಿ ಏನಂದಳು, ಯಾವುದನ್ನೂ ಕೇಳಲಿಲ್ಲ.

"ಬಾಲ ಯಾರು ಮುರಿದ್ರು?" ಎಂದರು.

ಹುಡುಗಿ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕಂಪ್ಲಿ ಅಕ್ಕ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ, ಬಾಯಲ್ಲಿ ಉಳಿದಿದ್ದ ಸಕ್ಕರೆ ನುಂಗಿಕೊಂಡು ಹೇಳಿದರು.

"ನನ್ನ ಸೊಸಿ."